ಗಿಟಾರ್ ದುರಸ್ತಿ ಕಾರ್ಯಾಗಾರ: ಅಳತೆ, ದರ ಮತ್ತು ಹೊಣೆ

ವ್ಯಾಪಾರಿಯ ಮಳಿಗೆಯಲ್ಲಿರುವ ಸರಕು ಅವನ ಸ್ವಂತದ್ದು. ತಯಾರಕನ ಕಾರ್ಖಾನೆಯಲ್ಲಿರುವ ಕಚ್ಚಾ ಸಾಮಗ್ರಿಯೂ ಬಹುಮಟ್ಟಿಗೆ ಅವನದ್ದೇ. ದುರಸ್ತಿ ಉದ್ಯಮದ ಸ್ಥಿತಿ ಇದಕ್ಕೆ ಭಿನ್ನವಾದುದು. ಅಲ್ಲಿ ಗೋಡೆಗೆ ತೂಗುಹಾಕಿರುವ ಬೆಲೆಬಾಳುವ ವಸ್ತುಗಳೆಲ್ಲ ಅನ್ಯರವು. ಮಾಲೀಕನು ಮಾರುವುದು ತನ್ನ ಸಮಯ ಮತ್ತು ಕೌಶಲವನ್ನು ಮಾತ್ರ. ಸಮಯವು ಕಪಾಟಿನಲ್ಲಿ ಕಾಣುವ ವಸ್ತುವಲ್ಲವಾದ ಕಾರಣ ಅದರ ಸೋರಿಕೆಯೂ ಕಣ್ಣಿಗೆ ಬೀಳುವುದಿಲ್ಲ. ದಿನವಿಡೀ ಕೆಲಸವಿದ್ದರೂ ತಿಂಗಳ ಕೊನೆಯಲ್ಲಿ ಕೈಯಲ್ಲಿ ಹಣ ಉಳಿಯದ ದುರಸ್ತಿ ಘಟಕಗಳಿರುವುದು ಈ ಕಾರಣದಿಂದಲೇ.

ಈ ವಿಷಯದ ಅಧ್ಯಯನಕ್ಕೆ ಗಿಟಾರ್ ಮತ್ತು ಬೇಸ್ ಗಿಟಾರ್‌ಗಳ ದುರಸ್ತಿ ಕಾರ್ಯಾಗಾರವನ್ನು ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ. ಮರಗೆಲಸ, ಲೋಹದ ಕೆಲಸ, ವಿದ್ಯುತ್ ಬೆಸುಗೆ ಮೂರೂ ಒಂದೇ ಮೇಜಿನ ಮೇಲೆ ನಡೆಯುವ ಉದ್ಯಮವಿದು. ಶಾಲೆ, ಇಗರ್ಜಿ, ವಾದ್ಯವೃಂದ, ಧ್ವನಿಮುದ್ರಣ ಕೇಂದ್ರಗಳೆಲ್ಲವೂ ಇದರ ಗ್ರಾಹಕರು. ಕಡಿಮೆ ಬಂಡವಾಳದಲ್ಲಿ ಆರಂಭಿಸಬಹುದಾದುದರಿಂದ ವಾದ್ಯ ಮಾರಾಟಗಾರರಲ್ಲಿ ಅನೇಕರು ಇದನ್ನು ಉಪವೃತ್ತಿಯಾಗಿ ಸೇರಿಸಿಕೊಳ್ಳುತ್ತಾರೆ. ಗ್ರಾಹಕರ ದೂರನ್ನು ಕೇಳಿ ದರ ಹೇಳಬಾರದು. ಅಳತೆ ತೆಗೆದು ದರ ಹೇಳಬೇಕು. ಆ ಅಳತೆಯನ್ನು ಬರೆದಿಡಬೇಕು ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

ಲೆಕ್ಕಪತ್ರದಿಂದ ವಾದ್ಯಕ್ಕೆ

ಈ ಉದ್ಯಮದ ಇತಿಹಾಸದಲ್ಲಿ ಲೆಕ್ಕಪತ್ರ ಬಲ್ಲವರೊಬ್ಬರಿಗೆ ದೊಡ್ಡ ಸ್ಥಾನವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಪಟ್ಟಣದ ಲಿಯೊ ಫೆಂಡರ್ ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರವನ್ನು; ಆರಂಭದಲ್ಲಿ ಮಾಡಿದ್ದು ಲೆಕ್ಕ ಬರೆಯುವ ಉದ್ಯೋಗವನ್ನು. ಆರ್ಥಿಕ ಕುಸಿತದ ದಿನಗಳಲ್ಲಿ ಆ ಉದ್ಯೋಗ ಕೈತಪ್ಪಿದ ಬಳಿಕ ಅವರು 1938ರಲ್ಲಿ ರೇಡಿಯೊ ದುರಸ್ತಿ ಅಂಗಡಿಯನ್ನು ತೆರೆದರು. ಮುಂದೆ ವಿದ್ಯುತ್ ಗಿಟಾರ್‌ಗಳ ತಯಾರಿಕೆಗೆ ಇಳಿದು, 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಪ್ರಸಿದ್ಧ ಸಂಗತಿ.

ಫೆಂಡರ್ ಅವರ ವಾದ್ಯಗಳಲ್ಲಿ ನೆಕ್ ಎಂದು ಕರೆಯಲಾಗುವ ಕುತ್ತಿಗೆ ಭಾಗವನ್ನು ಒಡಲಿಗೆ ಅಂಟಿನಿಂದ ಕೂಡಿಸುವ ಬದಲು ಸ್ಕ್ರೂಗಳಿಂದ ಬಿಗಿಯಲಾಯಿತು. ಕೆಟ್ಟ ನೆಕ್ಕನ್ನು ಬಿಚ್ಚಿ ಬೇರೊಂದನ್ನು ಕೂರಿಸುವುದು ಇದರಿಂದ ಅಲ್ಪ ಸಮಯದ ಕೆಲಸವಾಯಿತು. ಅಂಟಿನಿಂದ ಕೂಡಿಸಿದ ಅಕೂಸ್ಟಿಕ್ ಗಿಟಾರ್‌ನಲ್ಲಾದರೋ ಅದೇ ಕೆಲಸಕ್ಕೆ ಆವಿ ಹಾಯಿಸಿ ಅಂಟು ಸಡಿಲಿಸುವುದು, ಕೋನ ತಿದ್ದುವುದು, ಮತ್ತೆ ಅಂಟಿಸಿ ಒಣಗಿಸುವುದು ಎಂದು ಹಲವು ದಿನಗಳು ಹಿಡಿಯುತ್ತವೆ. ದುರಸ್ತಿಯ ವೆಚ್ಚವು ಬಹುಪಾಲು ವಾದ್ಯದ ರಚನೆಯಲ್ಲೇ ನಿಶ್ಚಯವಾಗಿರುತ್ತದೆ ಎಂಬುದನ್ನು ಕಾರ್ಯಾಗಾರದ ಮಾಲೀಕರು ಮೊದಲು ಮನಗಾಣಬೇಕು.

ಸೆಟಪ್ ಕಾರ್ಯದ ಕ್ರಮ

ಮುರಿದ ಭಾಗವನ್ನು ಸರಿಪಡಿಸುವುದು ದುರಸ್ತಿ. ಮುರಿಯದ ವಾದ್ಯವನ್ನು ಸುಲಭವಾಗಿ ಮತ್ತು ಶ್ರುತಿಶುದ್ಧವಾಗಿ ನುಡಿಯುವಂತೆ ಹೊಂದಿಸುವುದು ಸೆಟಪ್. ಕಾರ್ಯಾಗಾರದ ನಿತ್ಯದ ಆದಾಯ ಬರುವುದು ಹೆಚ್ಚಾಗಿ ಎರಡನೆಯದರಿಂದ. ಇದರಲ್ಲಿ ಕ್ರಮಕ್ಕೆ ಮಹತ್ವವಿದೆ. ಹಿಂದಿನ ಹಂತವನ್ನು ಅನಂತರ ಬದಲಿಸಿದರೆ ಮುಂದಿನ ಹಂತಗಳೆಲ್ಲ ಕೆಡುತ್ತವೆ.

ಮೊದಲನೆಯದಾಗಿ, ಹೊಸ ತಂತಿಗಳನ್ನು ಹಾಕಿ ಪೂರ್ಣ ಶ್ರುತಿಗೆ ಏರಿಸಬೇಕು. ಉಕ್ಕಿನ ತಂತಿಗಳ ಅಕೂಸ್ಟಿಕ್ ಗಿಟಾರ್‌ನಲ್ಲಿ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮ. ತಂತಿ ಸಡಿಲವಿದ್ದಾಗ ತೆಗೆದ ಅಳತೆಗೆ ಅರ್ಥವಿಲ್ಲ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ ಈ ಸೆಳೆತ ಹೆಚ್ಚುಕಡಿಮೆ ಅರ್ಧದಷ್ಟು. ಅಂತಹ ವಾದ್ಯಕ್ಕೆ ಉಕ್ಕಿನ ತಂತಿ ಬಿಗಿದರೆ ತಂತಿಗಳನ್ನು ಹಿಡಿದಿಡುವ ಬ್ರಿಜ್ ಎಂಬ ಮರದ ತುಂಡು ಕಿತ್ತುಬರುವ ಸಂಭವವಿದೆ. ಗ್ರಾಹಕರು ಒತ್ತಾಯಿಸಿದರೂ ಈ ಕೆಲಸವನ್ನು ಒಪ್ಪಿಕೊಳ್ಳತಕ್ಕದ್ದಲ್ಲ.

ಎರಡನೆಯದಾಗಿ, ನೆಕ್‌ನ ಬಾಗನ್ನು ನೋಡಬೇಕು. ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ನಮ್ಮ ವೀಣೆಯಲ್ಲಿ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ ಅವುಗಳನ್ನು ಮತ್ತೆ ಹೊಂದಿಸಬಹುದು. ಗಿಟಾರ್‌ನಲ್ಲಿ ಇವು ಮರದ ಸೀಳಿನಲ್ಲಿ ಶಾಶ್ವತವಾಗಿ ಕುಳಿತಿರುತ್ತವೆ. ಆದ್ದರಿಂದ ಹೊಂದಾಣಿಕೆಯನ್ನು ನೆಕ್‌ನ ಬಾಗಿನಲ್ಲಿಯೂ ತಂತಿಯ ಎತ್ತರದಲ್ಲಿಯೂ ಮಾಡಬೇಕಾಗುತ್ತದೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ನೆಕ್ ಒಡಲನ್ನು ಸೇರುವ ಫ್ರೆಟ್‌ನಲ್ಲಿಯೂ ಒತ್ತಿಹಿಡಿದರೆ ತಂತಿಯೇ ನೇರ ಅಳತೆಪಟ್ಟಿಯಂತೆ ವರ್ತಿಸುತ್ತದೆ. ಆಗ ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲಿನ ಅಂತರವನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ವಿದ್ಯುತ್ ಗಿಟಾರ್‌ಗೆ ಸುಮಾರು 0.25 ಮಿ.ಮೀ., ಬೇಸ್ ಗಿಟಾರ್‌ಗೆ 0.30ರಿಂದ 0.35 ಮಿ.ಮೀ. ಸಾಮಾನ್ಯವಾಗಿ ಒಪ್ಪಿತವಾದ ಅಳತೆ.

ಈ ಅಂತರವನ್ನು ತಿದ್ದಲು ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಗಿಬ್ಸನ್ ಸಂಸ್ಥೆಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಹೊಂದಿಸಬಲ್ಲ ಟ್ರಸ್ ರಾಡ್‌ನ ಪೇಟೆಂಟ್ ದೊರೆಯಿತು. ನಟ್ಟನ್ನು ಬಿಗಿಗೊಳಿಸಿದರೆ ಬಾಗು ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪುನಃ ಶ್ರುತಿ ಮಾಡಿ, ಪುನಃ ಅಳೆಯಬೇಕು. ಅವಸರದಲ್ಲಿ ಈ ನಟ್ ಮುರಿದರೆ ಅದರ ದುರಸ್ತಿ ವೆಚ್ಚವು ಅಗ್ಗದ ಗಿಟಾರ್‌ನ ಬೆಲೆಯನ್ನೇ ಮೀರಬಹುದು.

ಮೂರನೆಯದಾಗಿ, ತಂತಿಯ ಎತ್ತರ. ಇದು ಎರಡು ತುದಿಗಳಲ್ಲಿ ನಿಶ್ಚಯವಾಗುತ್ತದೆ. ನೆಕ್‌ನ ತಲೆಯ ಕಡೆಯಿರುವ ನಟ್ ಎಂಬ ಸೀಳುಪಟ್ಟಿ ಒಂದು ತುದಿ. ಬ್ರಿಜ್‌ನ ಮೇಲಿರುವ ಸ್ಯಾಡಲ್ ಎಂಬ ಪಟ್ಟಿ ಇನ್ನೊಂದು. ಅಕೂಸ್ಟಿಕ್ ಗಿಟಾರ್‌ನ 12ನೆಯ ಫ್ರೆಟ್‌ನಲ್ಲಿ ದಪ್ಪ ತಂತಿಗೆ ಸುಮಾರು 2.4 ಮಿ.ಮೀ., ವಿದ್ಯುತ್ ಗಿಟಾರ್‌ನಲ್ಲಿ 1.6ರಿಂದ 2.0 ಮಿ.ಮೀ. ಎತ್ತರವಿದ್ದರೆ ಹೆಚ್ಚಿನವರಿಗೆ ಹಿತವೆನಿಸುತ್ತದೆ. ಇಲ್ಲಿ ಒಂದು ಸರಳ ಗಣಿತವಿದೆ. 12ನೆಯ ಫ್ರೆಟ್ ತಂತಿಯ ನಟ್ಟನಡುವೆ ಬರುವುದರಿಂದ ಸ್ಯಾಡಲ್‌ನಲ್ಲಿ ತಗ್ಗಿಸಿದ ಎತ್ತರದ ಅರ್ಧದಷ್ಟು ಮಾತ್ರ ಅಲ್ಲಿ ತಗ್ಗುತ್ತದೆ. ಎತ್ತರವನ್ನು 2.8ರಿಂದ 2.4 ಮಿ.ಮೀ.ಗೆ ಇಳಿಸಬೇಕಾದರೆ ಸ್ಯಾಡಲ್‌ನ ತಳದಿಂದ 0.8 ಮಿ.ಮೀ. ಉಜ್ಜಬೇಕು.

ಕೊನೆಯದಾಗಿ, ಫ್ರೆಟ್‌ಗಳಲ್ಲಿನ ಶ್ರುತಿಶುದ್ಧಿ. 12ನೆಯ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸಿದ ಸ್ವರವೂ, ಅದೇ ಫ್ರೆಟ್‌ನಲ್ಲಿ ಒತ್ತಿ ಹೊರಡಿಸಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ವಿದ್ಯುತ್ ವಾದ್ಯಗಳಲ್ಲಿ ಇದರ ಬಳಿಕ ಸಾಕೆಟ್, ಸ್ವಿಚ್, ಬೆಸುಗೆಗಳ ಪರೀಕ್ಷೆ ಇರುತ್ತದೆ. 9 ವೋಲ್ಟ್ ಬ್ಯಾಟರಿಯಿರುವ ಬೇಸ್‌ಗಳಲ್ಲಿ ಕೇಬಲ್ ಚುಚ್ಚಿಟ್ಟಿರುವಷ್ಟು ಕಾಲವೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಧ್ವನಿ ಕ್ಷೀಣಿಸಿದೆ ಎಂಬ ದೂರು ಬಂದಾಗ ಮಂಡಲವನ್ನು ಬಿಚ್ಚುವ ಮೊದಲು ಬ್ಯಾಟರಿಯನ್ನು ಅಳೆಯುವುದು ಉಚಿತ.

ಒಂದೇ ದೂರು, ಐದು ಕಾರಣ

ಕಾರ್ಯಾಗಾರಕ್ಕೆ ಬರುವ ಗ್ರಾಹಕರಲ್ಲಿ ಅನೇಕರು ಹೇಳುವ ಮಾತು ಒಂದೇ: ತಂತಿ ಎತ್ತರವಾಗಿದೆ, ಬೆರಳು ನೋಯುತ್ತದೆ. ಇದಕ್ಕೆ ನಟ್‌ನ ಸೀಳು ಆಳವಿಲ್ಲದಿರುವುದು, ನೆಕ್ ಬಾಗಿರುವುದು, ಸ್ಯಾಡಲ್ ಎತ್ತರವಿರುವುದು, ಮೇಲಿನ ಹಲಗೆ ಉಬ್ಬಿ ಬ್ರಿಜ್ ಏಳುತ್ತಿರುವುದು, ನೆಕ್‌ನ ಕೋನವೇ ತಪ್ಪಿರುವುದು ಎಂಬ ಐದು ಕಾರಣಗಳಿರಬಹುದು. ಮೊದಲ ಮೂರು ಸೆಟಪ್‌ನಲ್ಲಿಯೇ ಪರಿಹಾರವಾಗುತ್ತವೆ. ನಾಲ್ಕನೆಯದಕ್ಕೆ ಬ್ರಿಜ್ ಬಿಡಿಸಿ, ಹಳೆಯ ಅಂಟನ್ನು ಕೆರೆದು, ಮತ್ತೆ ಅಂಟಿಸಿ, ಕನಿಷ್ಠ ಒಂದು ದಿನ ಪಟ್ಟಿನಲ್ಲಿ ಬಿಡಬೇಕು. ಐದನೆಯದಕ್ಕೆ ಹಲವು ದಿನ ಬೇಕು. ದೂರನ್ನು ಕೇಳಿದೊಡನೆ ದೂರವಾಣಿಯಲ್ಲೇ ದರ ಹೇಳುವ ಮಾಲೀಕರು ಕಾಲು ಗಂಟೆಯ ಕೆಲಸಕ್ಕೂ ಹಲವು ದಿನಗಳ ಕೆಲಸಕ್ಕೂ ಒಂದೇ ಬೆಲೆ ಕಟ್ಟಿದಂತಾಗುತ್ತದೆ. ಆದ್ದರಿಂದ ಪರೀಕ್ಷಾ ಶುಲ್ಕವೊಂದನ್ನು ಪ್ರತ್ಯೇಕವಾಗಿ ಗೊತ್ತುಪಡಿಸಿ, ಕೆಲಸ ಒಪ್ಪಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುವ ಪದ್ಧತಿ ಸೂಕ್ತ.

ಹವಾಮಾನದ ಪಾತ್ರ

ಮರವು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಗಿಟಾರ್ ತಯಾರಕರು ಕಾರ್ಯಾಗಾರದ ಗಾಳಿಯ ತೇವಾಂಶವನ್ನು ಶೇ. 45ರಿಂದ 50ರ ಆಸುಪಾಸಿನಲ್ಲಿ ಕಾಯ್ದುಕೊಳ್ಳುವುದು ಇದಕ್ಕಾಗಿಯೇ. ನಮ್ಮ ರಾಜ್ಯದಲ್ಲಿ ಈ ವ್ಯತ್ಯಾಸ ತೀವ್ರವಾದುದು. ಮಳೆಗಾಲದಲ್ಲಿ ಮಂಗಳೂರಿನ ತೇವಾಂಶ ಶೇ. 80ನ್ನು ದಾಟುತ್ತದೆ, ಬೇಸಿಗೆಯ ಮಧ್ಯಾಹ್ನ ಕಲಬುರಗಿ, ಬಳ್ಳಾರಿಗಳಲ್ಲಿ ಶೇ. 30ಕ್ಕಿಂತ ಕೆಳಗೆ ಇಳಿಯುತ್ತದೆ. ತೇವದಲ್ಲಿ ಅಕೂಸ್ಟಿಕ್ ಗಿಟಾರ್‌ನ ಮೇಲ್ಹಲಗೆ ಉಬ್ಬಿ ತಂತಿ ಏರುತ್ತದೆ. ಒಣಹವೆಯಲ್ಲಿ ಹಲಗೆ ತಗ್ಗುತ್ತದೆ, ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಚಾಚಿ ಕೈಗೆ ಚುಚ್ಚುತ್ತವೆ, ಕೆಲವೊಮ್ಮೆ ಹಲಗೆ ಸೀಳುತ್ತದೆ.

ಇದರ ವ್ಯಾವಹಾರಿಕ ಪರಿಣಾಮವನ್ನು ಗಮನಿಸಬೇಕು. ಏಪ್ರಿಲ್‌ನಲ್ಲಿ ಸರಿಯಾಗಿ ಹೊಂದಿಸಿಕೊಟ್ಟ ವಾದ್ಯ ಜುಲೈನಲ್ಲಿ ಕೆಟ್ಟಂತೆ ತೋರಿದರೆ ಗ್ರಾಹಕರು ದೂಷಿಸುವುದು ಕಾರ್ಯಾಗಾರವನ್ನು. ಕೆಲಸ ಮುಗಿದ ದಿನದ ತೇವಾಂಶ ಮತ್ತು ಅಂದಿನ ಅಳತೆಗಳು ಕಾಗದದ ಮೇಲೆ ಇದ್ದರೆ ಅದು ಹವೆಯ ಪರಿಣಾಮವೋ ಕೆಲಸದ ದೋಷವೋ ಎಂದು ಇಬ್ಬರೂ ಸಮಾಧಾನದಿಂದ ನಿರ್ಣಯಿಸಬಹುದು. ತೇವಾಂಶ ಮಾಪಕದ ಬೆಲೆ ಅಲ್ಪ. ಒಂದು ಜಗಳ ತಪ್ಪಿದರೂ ಆ ಹಣ ಮರಳಿ ಬಂದಂತೆ.

ಜಾಬ್ ಕಾರ್ಡ್: ಮೂಲ ದಾಖಲೆ

ವ್ಯಾಪಾರಿಗೆ ರೋಜುಕಿರ್ದಿ ಹೇಗೋ ದುರಸ್ತಿಗಾರನಿಗೆ ಜಾಬ್ ಕಾರ್ಡ್ ಹಾಗೆ. ಕ್ರಮಸಂಖ್ಯೆಯುಳ್ಳ, ಎರಡು ಪ್ರತಿಗಳ ಕಾರ್ಡಿನಲ್ಲಿ ಈ ಅಂಶಗಳಿರಬೇಕು:

1. ವಾದ್ಯದ ತಯಾರಕರು, ಮಾದರಿ, ಕ್ರಮಾಂಕ ಮತ್ತು ಗ್ರಾಹಕರು ಹೇಳಿದ ಅಂದಾಜು ಮೌಲ್ಯ.
2. ಸ್ವೀಕರಿಸುವಾಗಲೇ ಇದ್ದ ಗೀರು, ಬಿರುಕು, ಕಾಣೆಯಾದ ಭಾಗಗಳು, ಸಾಧ್ಯವಿದ್ದರೆ ಛಾಯಾಚಿತ್ರ. ಪೆಟ್ಟಿಗೆ, ಪಟ್ಟಿ, ಕೇಬಲ್‌ಗಳನ್ನು ಜೊತೆಗೆ ಕೊಟ್ಟಿದ್ದರೆ ಅವೂ.
3. ಗ್ರಾಹಕರ ದೂರು, ಅವರದೇ ಮಾತಿನಲ್ಲಿ.
4. ಬಂದಾಗಿನ ಅಳತೆ ಮತ್ತು ಹಿಂದಿರುಗಿಸುವಾಗಿನ ಅಳತೆ: ನೆಕ್‌ನ ಬಾಗು, 12ನೆಯ ಫ್ರೆಟ್‌ನ ಎತ್ತರ, ತಂತಿಯ ಗಾತ್ರ, ತೇವಾಂಶ.
5. ಕೆಲಸ ಆರಂಭಿಸಿದ ಮತ್ತು ಮುಗಿಸಿದ ವೇಳೆ, ಬಳಸಿದ ಸಾಮಗ್ರಿ.
6. ಒಪ್ಪಿದ ದರ, ಕೊಡುವ ದಿನಾಂಕ, ನಿಗದಿತ ಅವಧಿಯ ಬಳಿಕ ಒಯ್ಯದಿದ್ದರೆ ವಿಧಿಸುವ ದಾಸ್ತಾನು ಶುಲ್ಕ, ಗ್ರಾಹಕರ ಸಹಿ.

ಈ ಒಂದು ಹಾಳೆ ಕುಶಲಕರ್ಮಿಗೆ ತಾಂತ್ರಿಕ ಟಿಪ್ಪಣಿ, ಲೆಕ್ಕಿಗನಿಗೆ ವೆಚ್ಚಪಟ್ಟಿ, ವಿವಾದ ಬಂದಾಗ ಸಾಕ್ಷ್ಯ.

ಗಂಟೆಯ ದರದ ಲೆಕ್ಕ

ಉದಾಹರಣೆಗಾಗಿ ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 12,000 ರೂ., ಮಾಲೀಕರ ಸ್ವಂತ ದುಡಿಮೆಯ ಸಂಭಾವನೆ 28,000 ರೂ., ಸಹಾಯಕನ ಸಂಬಳ 13,000 ರೂ., ವಿದ್ಯುತ್ ಮತ್ತು ದೂರವಾಣಿ 3,000 ರೂ., ಉಪಕರಣಗಳ ಸವಕಳಿ ಹಾಗೂ ಅರ, ಮರಳುಕಾಗದ, ಅಂಟು ಮುಂತಾದವು 4,000 ರೂ. ಒಟ್ಟು 60,000 ರೂ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಎಂದರೆ 200 ಗಂಟೆಗಳು. ಮೇಲ್ನೋಟಕ್ಕೆ ಗಂಟೆಯ ವೆಚ್ಚ 300 ರೂ. ಎನಿಸುತ್ತದೆ.

ಆದರೆ ಗ್ರಾಹಕರೊಡನೆ ಮಾತುಕತೆ, ಬಿಡಿಭಾಗಗಳ ಹುಡುಕಾಟ, ಸ್ವಚ್ಛತೆ ಇತ್ಯಾದಿಗಳಿಗೆ ಹೋಗುವ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ. ಬಿಲ್ ಮಾಡಬಹುದಾದ ಸಮಯ ಶೇ. 60 ಎಂದು ಇಟ್ಟುಕೊಂಡರೆ 120 ಗಂಟೆಗಳು. ನಿಜವಾದ ವೆಚ್ಚ ಗಂಟೆಗೆ 500 ರೂ. ಒಂದೂವರೆ ಗಂಟೆಯ ಸೆಟಪ್‌ಗೆ 450 ರೂ. ಪಡೆಯುವವರು ಲಾಭನಷ್ಟವಿಲ್ಲದೆ ನಡೆಯುತ್ತಿದ್ದೇವೆಂದು ಭಾವಿಸಿರುತ್ತಾರೆ; ವಾಸ್ತವದಲ್ಲಿ 750 ರೂ. ವೆಚ್ಚದ ಕೆಲಸವನ್ನು 300 ರೂ. ನಷ್ಟಕ್ಕೆ ಮಾಡಿಕೊಟ್ಟಿರುತ್ತಾರೆ. ತಿಂಗಳಿಗೆ ಇಂತಹ 40 ಕೆಲಸಗಳಾದರೆ ನಷ್ಟ 12,000 ರೂ., ಅಂದರೆ ಸರಿಯಾಗಿ ಅಂಗಡಿಯ ಬಾಡಿಗೆಯಷ್ಟು. ಈ ಹಣ ಎಲ್ಲಿಂದ ಬರುತ್ತದೆ? ಮಾಲೀಕರ ಸಂಭಾವನೆಯಿಂದ. ಅವರು ಅದನ್ನು ವೆಚ್ಚವೆಂದು ಬರೆಯದಿರುವುದರಿಂದ ನಷ್ಟವೂ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಮರುಗೆಲಸದ ಲೆಕ್ಕವೂ ಪ್ರತ್ಯೇಕವಾಗಿರಬೇಕು. 120 ಗಂಟೆಗಳಲ್ಲಿ 12 ಗಂಟೆ ಹಿಂದಿರುಗಿ ಬಂದ ವಾದ್ಯಗಳಿಗೆ ವ್ಯಯವಾದರೆ ಉಳಿದ 108 ಗಂಟೆಗಳ ಮೇಲಿನ ವೆಚ್ಚ ಗಂಟೆಗೆ ಸುಮಾರು 556 ರೂ.ಗೆ ಏರುತ್ತದೆ. ಗ್ರಾಹಕರನ್ನು ಉಳಿಸಿಕೊಳ್ಳಲು ಉಚಿತ ಮರುಗೆಲಸ ಮಾಡುವುದು ತಪ್ಪಲ್ಲ; ಅದಕ್ಕೆ ಕಾರ್ಡ್ ಬರೆಯದಿರುವುದು ತಪ್ಪು.

ಅನ್ಯರ ವಸ್ತುವಿನ ಹೊಣೆ

ದುರಸ್ತಿಗೆ ವಸ್ತುವನ್ನು ಒಪ್ಪಿಸುವುದು 1872ರ ಭಾರತೀಯ ಕರಾರು ಕಾಯ್ದೆಯ 148ನೆಯ ಕಲಮಿನಂತೆ ಬೇಲ್‌ಮೆಂಟ್ ಎನಿಸುತ್ತದೆ. 151ನೆಯ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ಅದೇ ಬಗೆಯ ತನ್ನ ಸ್ವಂತ ವಸ್ತುವಿಗೆ ವಹಿಸುವಷ್ಟು ಎಚ್ಚರವನ್ನು ದುರಸ್ತಿಗಾರನು ವಹಿಸಬೇಕು. ಅಷ್ಟನ್ನು ವಹಿಸಿಯೂ ವಸ್ತು ನಷ್ಟವಾದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ, 152ನೆಯ ಕಲಂ ಅವನನ್ನು ಹೊಣೆಯಿಂದ ಬಿಡಿಸುತ್ತದೆ. ಎಚ್ಚರ ವಹಿಸಿದ್ದಕ್ಕೆ ಆಧಾರವಿರಬೇಕು. ಜಾಬ್ ಕಾರ್ಡ್‌ನ ಮಹತ್ವ ಇಲ್ಲಿ ಮತ್ತೊಮ್ಮೆ ಸ್ಪಷ್ಟವಾಗುತ್ತದೆ.

170ನೆಯ ಕಲಂ ದುಡಿಮೆ ಅಥವಾ ಕೌಶಲ ವ್ಯಯಿಸಿದವನಿಗೆ ತನ್ನ ಪ್ರತಿಫಲ ದೊರೆಯುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆ. ಇದಕ್ಕೆ ಮೂರು ಮಿತಿಗಳಿವೆ. ಒಂದು, ಕೆಲಸ ಮಾಡಿದ ವಸ್ತುವಿನ ಮೇಲೆ ಮಾತ್ರ ಈ ಹಕ್ಕು. ಹಿಂದಿನ ಗಿಟಾರ್‌ನ ಬಾಕಿಗಾಗಿ ಇಂದಿನ ಬೇಸನ್ನು ತಡೆಯುವಂತಿಲ್ಲ. ಎರಡು, ಸಾಲ ಕೊಡಲು ಒಪ್ಪಿದ್ದರೆ ಹಕ್ಕು ಇಲ್ಲ. ಬಟ್ಟೆ ಹೊಲಿದು ಮುಗಿದೊಡನೆ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದ ದರ್ಜಿಯು ಕೋಟನ್ನು ತಡೆದಿಡುವಂತಿಲ್ಲ ಎಂಬ ನಿದರ್ಶನ ಕಾಯ್ದೆಯಲ್ಲಿಯೇ ಇದೆ. ಮೂರು, ಈ ಕಲಂ ತಡೆದಿಡಲು ಅಧಿಕಾರ ಕೊಡುತ್ತದೆಯೇ ಹೊರತು ಮಾರಲು ಕೊಡುವುದಿಲ್ಲ. 30 ದಿನಗಳಲ್ಲಿ ಒಯ್ಯದಿದ್ದರೆ ಮಾರಲಾಗುವುದು ಎಂಬ ಗೋಡೆಯ ಫಲಕವನ್ನು ನಂಬಿ ಗ್ರಾಹಕರ ವಾದ್ಯವನ್ನು ವಿಕ್ರಯಿಸುವುದು ಅಪಾಯಕಾರಿ. ಸಹಿ ಪಡೆದ ದಾಸ್ತಾನು ಶುಲ್ಕದ ಷರತ್ತು ಮತ್ತು ಲಿಖಿತ ನೋಟೀಸು ಹೆಚ್ಚು ಸುರಕ್ಷಿತ ಮಾರ್ಗ.

ವರ್ಷಾಂತ್ಯದ ದಾಸ್ತಾನಿನಲ್ಲಿ ಗ್ರಾಹಕರ ವಾದ್ಯಗಳನ್ನು ಸೇರಿಸಕೂಡದು. ಅವಕ್ಕೆ ಪ್ರತ್ಯೇಕ ವಹಿ ಇರಬೇಕು. ಬೆಂಕಿ ವಿಮೆಯ ವಿಷಯದಲ್ಲಿಯೂ ಜಾಗರೂಕತೆ ಅಗತ್ಯ. ನಂಬಿಕೆಯ ಮೇಲೆ ಇಟ್ಟುಕೊಂಡ ಅನ್ಯರ ಸರಕನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸದಿದ್ದರೆ ಸಾಮಾನ್ಯ ಪಾಲಿಸಿಯು ಅದನ್ನು ಒಳಗೊಳ್ಳುವುದಿಲ್ಲ. ಗೋಡೆಯ ಮೇಲೆ ಲಕ್ಷಾಂತರ ರೂಪಾಯಿಗಳ ವಾದ್ಯಗಳಿದ್ದು, ವಿಮೆ ಮಾತ್ರ ಸ್ವಂತ ತಂತಿ ಮತ್ತು ಬಿಡಿಭಾಗಗಳಿಗೆ ಇರುವ ಸ್ಥಿತಿ ಒಂದು ಶಾರ್ಟ್ ಸರ್ಕಿಟ್‌ನಿಂದ ಉದ್ಯಮವನ್ನೇ ಮುಗಿಸಬಲ್ಲುದು.

ತೆರಿಗೆ ಮತ್ತು ಸಾಮಗ್ರಿಯ ದಾಖಲೆ

ಸರಕು ಮತ್ತು ಸೇವಾ ತೆರಿಗೆಯಲ್ಲಿ ದುರಸ್ತಿಯು 9987 ಶೀರ್ಷಿಕೆಯ ಸೇವೆ, ದರ ಶೇ. 18. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ನೋಂದಣಿ ಕಡ್ಡಾಯ. 50 ಲಕ್ಷ ರೂ. ವರೆಗಿನ ವಹಿವಾಟಿನವರು ಷರತ್ತುಗಳಿಗೆ ಒಳಪಟ್ಟು ಶೇ. 6ರ ಸಂಯುಕ್ತ ತೆರಿಗೆಯನ್ನು ಆರಿಸಿಕೊಳ್ಳಬಹುದು. ಆಗ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯ ಜಮೆಯೂ ಇಲ್ಲ. ಹಳೆಯ ಗಿಟಾರ್ ಕೊಂಡು, ಸ್ವರೂಪ ಬದಲಾಗದಂತೆ ಅಲ್ಪಸ್ವಲ್ಪ ಸರಿಪಡಿಸಿ ಮಾರುವವರು, ಖರೀದಿಯ ಮೇಲೆ ಜಮೆ ಪಡೆಯದಿದ್ದಲ್ಲಿ, ನಿಯಮ 32ರ ಉಪನಿಯಮ 5ರಂತೆ ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಇದಕ್ಕೆ ಪ್ರತಿ ವಾದ್ಯದ ಖರೀದಿ ದಾಖಲೆ ಇರಬೇಕು.

ಮರದ ದಾಖಲೆಯನ್ನೂ ಮರೆಯಬಾರದು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಗಿಟಾರ್‌ಗಳ ಬೆರಳುಹಲಗೆಗೂ ಒಡಲಿಗೂ ಲೋಕಪ್ರಸಿದ್ಧ. ಬೀಟೆಯ ಇಡೀ ಕುಲವನ್ನು 2017ರ ಜನವರಿ 2ರಿಂದ ಸೈಟಿಸ್ ಅಂತರರಾಷ್ಟ್ರೀಯ ಒಡಂಬಡಿಕೆಯ ನಿಯಂತ್ರಣಕ್ಕೆ ತರಲಾಯಿತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯ, ಅದರ ಸಿದ್ಧ ಭಾಗ ಮತ್ತು ಪರಿಕರಗಳಿಗೆ ವಿನಾಯಿತಿ ದೊರೆತರೂ, ಹೆಚ್ಚು ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಬ್ರೆಜಿಲ್ ಬೀಟೆಗೆ ಅದು ಅನ್ವಯಿಸುವುದಿಲ್ಲ. ಬೆರಳುಹಲಗೆ ಬದಲಿಸಿಕೊಡುವವರು ಮರ ಕೊಂಡ ಬಿಲ್ಲನ್ನು ಜಾಬ್ ಕಾರ್ಡ್‌ಗೆ ಲಗತ್ತಿಸಿಡುವುದು ಒಳಿತು.

ಉಪಸಂಹಾರ

ಮೋಟಾರ್ ರಿವೈಂಡಿಂಗ್, ಗಡಿಯಾರ ದುರಸ್ತಿ, ಹೊಲಿಗೆ ಯಂತ್ರದ ದುರಸ್ತಿ ಮುಂತಾದ ಯಾವುದೇ ಘಟಕಕ್ಕೂ ಮೇಲಿನ ವಿವೇಚನೆ ಅನ್ವಯಿಸುತ್ತದೆ. ಉದ್ಯಮಿ ಮಿತ್ರರು ಇದೇ ತಿಂಗಳಿನಿಂದ ಮೂರು ಕಾರ್ಯಗಳನ್ನು ಕೈಗೊಳ್ಳಬಹುದು: ಜಾಬ್ ಕಾರ್ಡ್ ಮುದ್ರಿಸುವುದು, ಒಂದು ತಿಂಗಳ ಬಿಲ್ ಮಾಡಿದ ಗಂಟೆಗಳನ್ನು ಎಣಿಸಿ ದರವನ್ನು ಪುನರ್ವಿಮರ್ಶಿಸುವುದು, ವಿಮಾ ಪಾಲಿಸಿಯನ್ನು ತೆರೆದು ಅನ್ಯರ ಸರಕಿನ ನಮೂದು ಇದೆಯೇ ಎಂದು ನೋಡುವುದು. ಮೊದಲ ಎರಡರಿಂದ ದುಡಿಮೆಗೆ ತಕ್ಕ ಪ್ರತಿಫಲ ದೊರೆಯುತ್ತದೆ; ಮೂರನೆಯದರಿಂದ, ದೊರೆತ ಪ್ರತಿಫಲ ಒಂದೇ ರಾತ್ರಿಯಲ್ಲಿ ಕರಗಿಹೋಗದಂತೆ ರಕ್ಷಣೆ ಒದಗುತ್ತದೆ.